ಸಂವೇದಕವೇ ಕೆಟ್ಟಿದೆಯೇ? ರೋಧದ ಪಾಠದಲ್ಲಿ ಒಂದು ದೋಷಪತ್ತೆ ಚಟುವಟಿಕೆ

ತರಗತಿ: 10
ವಿಷಯ: ವಿಜ್ಞಾನ
ಘಟಕ: ವಿದ್ಯುಚ್ಛಕ್ತಿ (ಓಮ್‌ನ ನಿಯಮ, ಸರಣಿ ಮತ್ತು ಸಮಾಂತರ ಜೋಡಣೆ)
ಅವಧಿ: 40 ನಿಮಿಷಗಳ ಎರಡು ಪೀರಿಯಡ್

ಹಿನ್ನೆಲೆ

ಓಮ್‌ನ ನಿಯಮದ ಲೆಕ್ಕಗಳನ್ನು ನಮ್ಮ ವಿದ್ಯಾರ್ಥಿಗಳು ಚೆನ್ನಾಗಿಯೇ ಮಾಡುತ್ತಾರೆ. ಆದರೆ ಮಲ್ಟಿಮೀಟರ್ ಕೈಗೆ ಕೊಟ್ಟು "ಈ ಸಂಖ್ಯೆ ಏನು ಹೇಳುತ್ತಿದೆ?" ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಈ ಅಂತರವನ್ನು ತುಂಬಲು ಅಭ್ಯಾಸ ಬೋಧನೆಯ ಎರಡು ಪಾಠಗಳನ್ನು ಒಂದು ನಿಜವಾದ ದೋಷದ ಸುತ್ತ ಯೋಜಿಸಿದೆ. ಆರಿಸಿಕೊಂಡದ್ದು ಬಟ್ಟೆ ಒಣಗಿಸುವ ಯಂತ್ರದ, ಅಂದರೆ ಡ್ರೈಯರ್‌ನ ತಾಪ ಸಂವೇದಕ.

ಪಾಠಯೋಜನೆ ನೋಡಿದ ಮಾರ್ಗದರ್ಶಕರು, "ಈ ಮಕ್ಕಳ ಮನೆಯಲ್ಲಿ ಡ್ರೈಯರ್ ಎಲ್ಲಿದೆ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಮಳೆಗಾಲದಲ್ಲಿ ವಾರಗಟ್ಟಲೆ ಬಟ್ಟೆ ಒಣಗದ ಕಷ್ಟ, ಒಲೆಯ ಮೇಲೆ ಹಗ್ಗ ಕಟ್ಟಿ ಸಮವಸ್ತ್ರ ಒಣಗಿಸುವ ಪಾಡು ಇಲ್ಲಿನ ಎಲ್ಲ ಮಕ್ಕಳಿಗೂ ಗೊತ್ತು. ಇದೇ ಬಗೆಯ ಸಂವೇದಕ ಫ್ರಿಜ್‌ನಲ್ಲಿ, ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್‌ನಲ್ಲಿ, ಮೊಬೈಲ್ ಬ್ಯಾಟರಿಯಲ್ಲಿಯೂ ಇದೆ. ಈ ಕಾರಣಗಳನ್ನು ಯೋಜನೆಯಲ್ಲಿ ಬರೆದು ಸೇರಿಸಿದ ಮೇಲೆ ಒಪ್ಪಿಗೆ ಸಿಕ್ಕಿತು.

ಬೋಧಕರಿಗೆ ಬೇಕಾದ ವಿಷಯಜ್ಞಾನ

ಡ್ರೈಯರ್‌ನ ಹೀಟರ್ ಗಾಳಿಯನ್ನು ಕಾಯಿಸುತ್ತದೆ. ಆ ಬಿಸಿಗಾಳಿ ತಿರುಗುವ ಡ್ರಮ್ಮಿನೊಳಗಿನ ಬಟ್ಟೆಯ ಮೂಲಕ ಹಾದುಹೋಗುತ್ತದೆ. ಗಾಳಿಯ ದಾರಿಯಲ್ಲಿ ಕೂತ ಥರ್ಮಿಸ್ಟರ್ ಅದರ ತಾಪವನ್ನು ನಿಯಂತ್ರಣ ಬೋರ್ಡಿಗೆ ತಿಳಿಸುತ್ತದೆ. ಇದು ಅರೆವಾಹಕ ವಸ್ತುವಿನಿಂದ ಮಾಡಿದ ಬಿಡಿಭಾಗ. ತಾಪ ಏರಿದಂತೆ ಲೋಹದ ತಂತಿಯ ರೋಧ ಹೆಚ್ಚಿದರೆ, ಇದರ ರೋಧ ಕಡಿಮೆಯಾಗುತ್ತದೆ. ಸಾಮಾನ್ಯವಾಗಿ ಸಿಗುವ ಒಂದು ಬಗೆಯಲ್ಲಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ಕಿಲೋಓಮ್, 40ರಲ್ಲಿ ಸುಮಾರು 5.3, 60ರಲ್ಲಿ ಸುಮಾರು 2.5 ಕಿಲೋಓಮ್ ಇರುತ್ತದೆ. ಎಲ್ಲ ಯಂತ್ರಗಳಲ್ಲೂ ಇದೇ ಮೌಲ್ಯ ಇರುವುದಿಲ್ಲ. ಆಯಾ ಮಾದರಿಯ ಕೋಷ್ಟಕವನ್ನು ನೋಡಬೇಕು.

ಬೋರ್ಡ್ ರೋಧವನ್ನು ನೇರವಾಗಿ ಅಳೆಯುವುದಿಲ್ಲ. ಥರ್ಮಿಸ್ಟರ್‌ನ ಜೊತೆ ಒಂದು ಸ್ಥಿರ ರೋಧಕವನ್ನು ಸರಣಿಯಲ್ಲಿ ಜೋಡಿಸಿ, ಥರ್ಮಿಸ್ಟರ್‌ನ ತುದಿಗಳ ವಿಭವಾಂತರವನ್ನು ಓದುತ್ತದೆ. 5 ವೋಲ್ಟ್ ಮತ್ತು 10 ಕಿಲೋಓಮ್ ಸ್ಥಿರ ರೋಧಕ ಎಂದು ಇಟ್ಟುಕೊಂಡರೆ ವಿದ್ಯಾರ್ಥಿಗಳೇ ಲೆಕ್ಕ ಮಾಡಬಹುದು. 25 ಡಿಗ್ರಿಯಲ್ಲಿ ಒಟ್ಟು ರೋಧ 20 ಕಿಲೋಓಮ್, ಪ್ರವಾಹ 0.25 ಮಿಲಿಆಂಪಿಯರ್, ಥರ್ಮಿಸ್ಟರ್‌ನ ಪಾಲು 2.5 ವೋಲ್ಟ್. 60 ಡಿಗ್ರಿಯಲ್ಲಿ ಒಟ್ಟು ರೋಧ 12.5 ಕಿಲೋಓಮ್, ಪ್ರವಾಹ 0.4 ಮಿಲಿಆಂಪಿಯರ್, ಥರ್ಮಿಸ್ಟರ್‌ನ ಪಾಲು 1 ವೋಲ್ಟ್.

ಮೊದಲ ಪೀರಿಯಡ್: ಪರಿಶೋಧನೆ

ಆರು ಗುಂಪುಗಳಿಗೆ ತಲಾ ಒಂದು ಬಿಡಿ ಥರ್ಮಿಸ್ಟರ್, ಮಲ್ಟಿಮೀಟರ್, ಪ್ರಯೋಗಾಲಯದ ತಾಪಮಾಪಕ ಮತ್ತು ಬೀಕರಿನಲ್ಲಿ ಬಿಸಿನೀರು ಕೊಟ್ಟೆ. ನೀರೂ ವಿದ್ಯುತ್ತನ್ನು ಸ್ವಲ್ಪ ಹರಿಸುವುದರಿಂದ ಥರ್ಮಿಸ್ಟರ್‌ಗಳನ್ನು ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಅದರ ಬಾಯಿ ನೀರಿನಿಂದ ಮೇಲಿರುವಂತೆ ಇಳಿಬಿಡಲು ಹೇಳಿದೆ. ನೀರು ತಣಿಯುತ್ತಾ ಬಂದಂತೆ 60, 50, 40 ಮತ್ತು 30 ಡಿಗ್ರಿಗಳಲ್ಲಿ ಓದು ಬರೆದುಕೊಂಡು ನಕ್ಷೆ ಎಳೆದರು. ನೀರು ತಾನಾಗಿ ತಣಿಯಲು ಬಿಟ್ಟರೆ ಪೀರಿಯಡ್ ಮುಗಿದುಹೋಗುತ್ತದೆ. ಪ್ರತಿ ಓದಿನ ನಂತರ ಸ್ವಲ್ಪ ತಣ್ಣೀರು ಬೆರೆಸುವುದು ಒಳ್ಳೆಯದು.

ಇಲ್ಲಿ ಎರಡು ಸಂಗತಿಗಳು ಗಮನಕ್ಕೆ ಬಂದವು. ನಕ್ಷೆ ಸರಳರೇಖೆಯಾಗದೆ ಬಾಗಿದ್ದನ್ನು ಕಂಡು ಎರಡು ಗುಂಪುಗಳು ತಮ್ಮ ಓದನ್ನೇ ತಿದ್ದಲು ಹೊರಟವು. ಉಳಿದ ಗುಂಪುಗಳ ನಕ್ಷೆಗಳನ್ನು ಪಕ್ಕದಲ್ಲಿಟ್ಟು ತೋರಿಸಿದಾಗ ಬಾಗು ಈ ವಸ್ತುವಿನ ಗುಣವೆಂದು ಒಪ್ಪಿದವು. ಎರಡನೆಯದು, ಒಂದು ಗುಂಪಿನ ಮೀಟರಿನ ಕಡ್ಡಿ ಸರಿಯಾಗಿ ತಾಗಿರಲಿಲ್ಲ. ಪರದೆಯ ಎಡ ಅಂಚಿನಲ್ಲಿ ಒಂಟಿ "1" ಮೂಡಿತ್ತು. ಅವರು "1 ಕಿಲೋಓಮ್" ಎಂದು ಬರೆದುಕೊಂಡಿದ್ದರು. ಅಗ್ಗದ ಮೀಟರುಗಳಲ್ಲಿ ಈ ಒಂಟಿ 1 ಎಂದರೆ ರೋಧವು ಆರಿಸಿದ ವ್ಯಾಪ್ತಿಯನ್ನು ಮೀರಿದೆ ಎಂದು ಅರ್ಥ. ಅಂದರೆ ಬಹಳ ಕಡಿಮೆ ಎಂದು ಅವರು ಓದಿದ್ದು ನಿಜಕ್ಕೂ ಬಹಳ ಹೆಚ್ಚು. ಎಲ್ಲ ಗುಂಪುಗಳಿಗೂ ಕಡ್ಡಿಗಳನ್ನು ಗಾಳಿಯಲ್ಲಿ ಹಿಡಿದು ನೋಡಲು, ಆಮೇಲೆ ಒಂದಕ್ಕೊಂದು ತಾಗಿಸಿ ನೋಡಲು ಹೇಳಿದೆ. ಮುಂದೆ ಈ ಪಾಠ ಮಾಡುವವರು ಇದನ್ನು ಮೊದಲ ಹೆಜ್ಜೆಯಾಗಿಯೇ ಇಟ್ಟುಕೊಳ್ಳಬಹುದು.

ಎರಡನೆಯ ಪೀರಿಯಡ್: ವಿಸ್ತರಣೆ

ಮಡಿಕೇರಿಯಲ್ಲಿರುವ ನನ್ನ ಚಿಕ್ಕಮ್ಮನ ಮನೆಯ ಡ್ರೈಯರ್ ಈ ಪಾಠದ ಸಮಸ್ಯೆ. ಯಂತ್ರ ಶುರುವಾದ ಕೆಲವೇ ನಿಮಿಷಗಳಲ್ಲಿ ನಿಂತು ತಾಪ ಸಂವೇದಕದ ದೋಷಸಂಕೇತ ತೋರಿಸುತ್ತಿತ್ತು. ಸಂವೇದಕ ಬದಲಿಸಬೇಕೆಂಬ ಸಲಹೆ ಬಂದಿತ್ತು. ಪ್ಲಗ್ ಕಿತ್ತು ನಾವು ತೆಗೆದುಕೊಂಡ ಓದುಗಳನ್ನು ಹಲಗೆಯ ಮೇಲೆ ಬರೆದೆ:

1. ಕೋಣೆಯ ತಾಪ 20 ಡಿಗ್ರಿ. ಸಂವೇದಕವನ್ನು ಕನೆಕ್ಟರಿನಿಂದ ಬಿಡಿಸಿ ಅಳೆದಾಗ 12.4 ಕಿಲೋಓಮ್.
2. ಅಂಗೈಯಲ್ಲಿ ಹಿಡಿದಾಗ ಓದು ಮೆಲ್ಲಗೆ ಇಳಿಯಿತು.
3. ಸಂವೇದಕವನ್ನು ಮತ್ತೆ ಜೋಡಿಸಿ, ವೈರಿನ ಬೋರ್ಡಿನ ಕಡೆಯ ತುದಿಯನ್ನು ಬಿಡಿಸಿ ಅಳೆದಾಗ ಒಂಟಿ 1.
4. ಸಂವೇದಕದ ಬಳಿಯ ಕನೆಕ್ಟರನ್ನು ಅಲುಗಾಡಿಸಿದಾಗ ಒಮ್ಮೆ 12.4, ಒಮ್ಮೆ ಒಂಟಿ 1.

"ಏನನ್ನು ಬದಲಿಸುತ್ತೀರಿ?" ಎಂದು ಕೇಳಿದೆ. ಮೊದಲ ಓದಿಗೇ ಹಲವರು "ಸಂವೇದಕ" ಎಂದರು. 10 ಇರಬೇಕಾದಲ್ಲಿ 12.4 ಇದೆಯಲ್ಲ ಎಂಬುದು ಅವರ ವಾದ. ಹಿಂದಿನ ದಿನದ ನಕ್ಷೆಯನ್ನು 20 ಡಿಗ್ರಿಯವರೆಗೆ ಮುಂದುವರಿಸಿ ನೋಡಿದಾಗ 12.4 ಸರಿಯಾದ ಮೌಲ್ಯವೇ ಎಂದು ಅವರಿಗೇ ಹೊಳೆಯಿತು. ಕೊನೆಗೆ ಐದು ಗುಂಪುಗಳು ಕನೆಕ್ಟರಿನ ಸಂಪರ್ಕ ಸಡಿಲ ಎಂಬ ತೀರ್ಮಾನಕ್ಕೆ ಬಂದವು. ಆರನೆಯದು ವೈರು ಒಳಗೆ ತುಂಡಾಗಿರಬಹುದು ಎಂದಿತು. ಓದು ಬದಲಾದದ್ದು ಯಾವ ಜಾಗವನ್ನು ಅಲುಗಾಡಿಸಿದಾಗ ಎಂದು ಕೇಳಿದ ಮೇಲೆ ಅದೂ ಒಪ್ಪಿತು. ಮಳೆಗಾಲದ ತೇವಕ್ಕೆ ಕನೆಕ್ಟರಿನ ಪಿನ್ನುಗಳಲ್ಲಿ ಹಸಿರು ಕಿಲುಬು ಕಟ್ಟಿತ್ತು. ಸ್ವಚ್ಛಮಾಡಿ ಬಿಗಿಗೊಳಿಸಿದ ಮೇಲೆ ಸಂಕೇತ ಮಾಯವಾಯಿತು. ದೋಷಸಂಕೇತ ಹೆಸರಿಸುವುದು ಒಂದು ಮಂಡಲವನ್ನು. ಆ ಮಂಡಲದಲ್ಲಿ ಸಂವೇದಕ, ಕನೆಕ್ಟರ್, ವೈರು, ಬೋರ್ಡು ಎಲ್ಲವೂ ಸೇರಿವೆ.

ಈ ಹಂತದಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ಪಾಠವನ್ನು ಮುಂದಕ್ಕೆ ಒಯ್ದಿತು: "ಅಳೆಯುವಾಗ ಬಿಡಿಸಲೇಬೇಕೆ?" ಬೋರ್ಡಿನೊಳಗಿನ ದಾರಿ 10 ಕಿಲೋಓಮ್ ಎಂದುಕೊಳ್ಳಿ ಎಂದೆ. 25 ಡಿಗ್ರಿಯಲ್ಲಿರುವ ಸಂವೇದಕಕ್ಕೆ ಅದು ಸಮಾಂತರವಾಗಿ ಬಂದರೆ ಮೀಟರ್ 5 ಕಿಲೋಓಮ್ ತೋರಿಸುತ್ತದೆ. ಅಂದರೆ ಒಳ್ಳೆಯ ಸಂವೇದಕ ಕೆಟ್ಟಂತೆ ಕಾಣುತ್ತದೆ. ಸಮಾಂತರ ಜೋಡಣೆಯ ಸೂತ್ರ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ.

ನಂತರ ಬೋರ್ಡಿನ ದೃಷ್ಟಿಯಿಂದ ಯೋಚಿಸಲು ಹೇಳಿದೆ. ಸಂಪರ್ಕ ಕಡಿದರೆ ಪ್ರವಾಹವಿಲ್ಲ, ಬೋರ್ಡ್ ಓದುವುದು ಪೂರ್ತಿ 5 ವೋಲ್ಟ್. ಅದಕ್ಕೆ ಅದು ವಿಪರೀತ ಚಳಿಯಂತೆ ತೋರುತ್ತದೆ. ಹಾಗೆಂದೇ ನಂಬಿದರೆ ಹೀಟರನ್ನು ಆರಿಸುವುದೇ ಇಲ್ಲ. ಆದ್ದರಿಂದಲೇ ಅಸಾಧ್ಯವಾದ ಮೌಲ್ಯ ಕಂಡಾಗ ಯಂತ್ರ ನಿಂತು ಸಂಕೇತ ತೋರಿಸುತ್ತದೆ. ಇದಲ್ಲದೆ ಮಿತಿಮೀರಿದ ತಾಪಕ್ಕೆ ಹೀಟರನ್ನು ಕಡಿಯುವ ಥರ್ಮೋಸ್ಟಾಟ್ ಇರುತ್ತದೆ, ಅನೇಕ ಯಂತ್ರಗಳಲ್ಲಿ ಥರ್ಮಲ್ ಫ್ಯೂಸ್ ಕೂಡ. "ಫ್ಯೂಸ್ ಹೋದರೆ ತಂತಿ ಸುತ್ತಿದರಾಯಿತು" ಎಂದು ಒಬ್ಬ ಹುಡುಗ ಹೇಳಿದ. ಮನೆಗಳಲ್ಲಿ ನಡೆಯುವ ಅಭ್ಯಾಸವದು. ನಗಿಸಿ ಬಿಡುವ ಮಾತಲ್ಲ. ಬಟ್ಟೆಯ ನಾರಿನ ಧೂಳು ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಜಾಲರಿಯಲ್ಲಿ ಅದು ಕಟ್ಟಿಕೊಂಡು ಗಾಳಿ ಓಡದಿದ್ದರೆ ಹೀಟರಿನ ಸುತ್ತ ತಾಪ ಏರುತ್ತದೆ. ಫ್ಯೂಸ್ ಹೋದದ್ದು ಆ ಕಾರಣಕ್ಕೇ ಇರಬಹುದು. ತಂತಿ ಸುತ್ತಿದರೆ ಬೆಂಕಿಗೆ ಇದ್ದ ಕೊನೆಯ ತಡೆಯೂ ಹೋಯಿತು. ಇದಕ್ಕೆ ಹತ್ತು ನಿಮಿಷ ಕೊಟ್ಟೆ. ಆ ಸಮಯ ಸಾರ್ಥಕ.

ಸುರಕ್ಷತೆ

ವಿದ್ಯಾರ್ಥಿಗಳು ಮುಟ್ಟಿದ್ದು ಬಿಡಿ ಥರ್ಮಿಸ್ಟರ್ ಮತ್ತು ಮೀಟರ್ ಮಾತ್ರ. 230 ವೋಲ್ಟಿನ ಯಾವ ಉಪಕರಣವನ್ನೂ ತರಗತಿಯಲ್ಲಿ ಬಿಚ್ಚಬಾರದು. ಮನೆಯಲ್ಲಿ ತಾವಾಗಿ ಬಿಚ್ಚಬಾರದೆಂದು ಪಾಠದ ಕೊನೆಯಲ್ಲಿ ಸ್ಪಷ್ಟವಾಗಿ ಹೇಳಬೇಕು.

ಮೌಲ್ಯಮಾಪನ

ಪ್ರತಿಯೊಬ್ಬರಿಗೂ ಒಂದು ದೋಷದ ಚೀಟಿ ಕೊಟ್ಟು, "ಮುಂದೆ ಏನನ್ನು ಅಳೆಯುತ್ತೀರಿ, ಏಕೆ?" ಎಂದು ಬರೆಸಿದೆ. ಉತ್ತರಕ್ಕೆ 2 ಅಂಕ, ಕಾರಣಕ್ಕೆ 3 ಅಂಕ. ಸಂವೇದಕವೂ ವೈರೂ ಸರಿಯಿದ್ದು ಬಟ್ಟೆ ಮಾತ್ರ ಒಣಗದ ಚೀಟಿಯೇ ಕಠಿಣವಾಯಿತು. ಅಲ್ಲಿ ಸಂವೇದಕ ಇರುವುದನ್ನು ಇರುವಂತೆಯೇ ಹೇಳುತ್ತಿದೆ. ನೋಡಬೇಕಾದದ್ದು ಧೂಳಿನ ಜಾಲರಿ ಮತ್ತು ಗಾಳಿಯ ದಾರಿ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಡ್ರೈಯರ್ ಇಲ್ಲದಿದ್ದರೂ ಈ ಪಾಠ ನಡೆಯುತ್ತದೆ. ಥರ್ಮಿಸ್ಟರ್ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಓದುಗಳನ್ನು ಒಂದೊಂದಾಗಿ ಹಲಗೆಯ ಮೇಲೆ ಬರೆಯಿರಿ, ಪ್ರತಿ ಓದಿನ ನಂತರ ತೀರ್ಮಾನ ಕೇಳಿರಿ. ಒಟ್ಟಿಗೆ ಬರೆದರೆ ವಿದ್ಯಾರ್ಥಿಗಳು ಕೊನೆಯ ಸಾಲನ್ನಷ್ಟೇ ನೋಡಿ ಉತ್ತರಿಸುತ್ತಾರೆ. ಗುಂಪಿನಲ್ಲಿ ಮೀಟರ್ ಒಬ್ಬರ ಕೈಯಲ್ಲೇ ಉಳಿಯದಂತೆ ಪ್ರತಿ ಓದಿಗೂ ಕೈ ಬದಲಾಗಲಿ.