ದೂರ ಪ್ರಯಾಣಕ್ಕೆ ಹಳೆಯ ಗಾಡಿಯ ತಯಾರಿ



ರೊಬಸ್ಟಾ ಕುಯ್ಲು ಮುಗಿದು, ಕಣದ ಕಾಫಿ ಮೂಟೆ ಸೇರಿ, ಹೂಮಳೆಯೂ ಒಂದು ಸುತ್ತು ಬಂತೆಂದರೆ ನಮ್ಮ ಬೆಳೆಗಾರರಿಗೆ ಅಷ್ಟಿಷ್ಟು ಬಿಡುವು. ಮಕ್ಕಳಿಗೂ ಶಾಲೆಯ ರಜೆ. ಮನೆಯ ಹಿರಿಯರು ಮಂತ್ರಾಲಯ, ಗಾಣಗಾಪುರ, ಪಂಢರಪುರ ಎಂದು ವರ್ಷಗಳಿಂದ ಹೇಳುತ್ತ ಬಂದಿರುವ ಯಾತ್ರೆಗೆ ಏಪ್ರಿಲ್-ಮೇ ತಿಂಗಳಲ್ಲೇ ಮುಹೂರ್ತ ಕೂಡಿಬರುವುದು. ಹೊಸ ಕಾರು ಇದ್ದವರ ಮಾತು ಬೇರೆ. ನಮ್ಮಲ್ಲಿ ಬಹಳ ಮಂದಿಯ ಶೆಡ್ಡಿನಲ್ಲಿ ಇರುವುದು ಹದಿನೈದು-ಇಪ್ಪತ್ತು ವರ್ಷ ದುಡಿದ ಜೀಪು, ಒಮ್ನಿ, ಮಾರುತಿ 800 ಅಥವಾ ಬೊಲೆರೊ. ಈ ಲೇಖನ ಅಂಥವರಿಗಾಗಿ.

"ನಮ್ಮ ಗಾಡಿ ದಿನಾ ಓಡುತ್ತಲೇ ಇದೆ, ಒಂದು ದಿನವೂ ಕೈಕೊಟ್ಟಿಲ್ಲ" ಎಂಬ ಧೈರ್ಯದ ಮಾತನ್ನು ಹಲವರಿಂದ ಕೇಳಿದ್ದೇನೆ. ಮಾತು ನಿಜವೇ. ಆದರೆ ಅದು ಓಡುವುದು ಎಲ್ಲಿ? ತೋಟದಿಂದ ಪೇಟೆಗೆ ಎಂಟು ಹತ್ತು ಕಿಲೋಮೀಟರು, ಎರಡನೇ ಮೂರನೇ ಗೇರಿನಲ್ಲಿ, ಮರದ ನೆರಳಿನಲ್ಲಿ. ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಸೊಸೈಟಿಯ ಅಂಗಳ ಬಂದಿರುತ್ತದೆ. ಅದೇ ಗಾಡಿ ಚಿತ್ರದುರ್ಗ ದಾಟಿ, ಬಳ್ಳಾರಿ-ರಾಯಚೂರಿನ ನಲವತ್ತು ಡಿಗ್ರಿ ಬಿಸಿಲಿನಲ್ಲಿ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಗಂಟೆಗೆ ಎಂಬತ್ತರ ವೇಗದಲ್ಲಿ ಮೂರು ಗಂಟೆ ಬಿಡದೆ ಓಡುವುದು ಬೇರೆಯೇ ಕೆಲಸ. ತೋಟದ ಓಡಾಟ ಆ ಕೆಲಸಕ್ಕೆ ಪರೀಕ್ಷೆ ಆಗಲಾರದು.

ಇನ್ನೊಂದು ತಪ್ಪು ಲೆಕ್ಕ ಮೀಟರಿನದು. "ಬರೀ ಎಪ್ಪತ್ತು ಸಾವಿರ ಓಡಿದೆ" ಎನ್ನುತ್ತಾರೆ. ಕಬ್ಬಿಣ ಸವೆಯುವುದು ಕಿಲೋಮೀಟರಿನ ಲೆಕ್ಕದಲ್ಲಿ; ರಬ್ಬರು ಮತ್ತು ದ್ರವಗಳು ಕೆಡುವುದು ವರ್ಷದ ಲೆಕ್ಕದಲ್ಲಿ. ದಾರಿಯಲ್ಲಿ ಗಾಡಿ ನಿಲ್ಲಿಸುವುದು ಹೆಚ್ಚಾಗಿ ಪಿಸ್ಟನ್ನು, ಗೇರುಗಳಲ್ಲ. ಒಂದು ಹೋಸು, ಒಂದು ಬೆಲ್ಟು, ಒಂದು ಟಯರು. ಆದುದರಿಂದ ತಪಾಸಣೆಯನ್ನು ಅಲ್ಲಿಂದಲೇ ಪ್ರಾರಂಭಿಸಬೇಕು.

ಬ್ರೇಕು

ನಾವು ಬ್ರೇಕ್ ಆಯಿಲ್ ಎಂದು ಕರೆಯುವ ದ್ರವ ನಿಜವಾಗಿ ಎಣ್ಣೆಯಲ್ಲ. ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಗುಣದ್ದು. ಮಲೆನಾಡಿನ ನಾಲ್ಕು ತಿಂಗಳ ಮಳೆಗಾಲದಲ್ಲಿ ಗೋಡೆಯ ಮೇಲಿನ ಕ್ಯಾಲೆಂಡರೇ ಮೆತ್ತಗಾಗುವಾಗ ಇದು ಒಣಗಿಯೇ ಇರುತ್ತದೆಂದು ತಿಳಿಯಬಾರದು. ಡಾಟ್ 3 ದರ್ಜೆಯ ಹೊಸ ದ್ರವ ಕುದಿಯಲು ಕನಿಷ್ಠ 205 ಡಿಗ್ರಿ ಸೆಂಟಿಗ್ರೇಡ್ ಬೇಕು. ನೀರು ಹೀರಿದ ಮೇಲೆ ಅದೇ ದ್ರವ 140 ಡಿಗ್ರಿಗೇ ಕುದಿಯಬಹುದು. ಚಾರ್ಮಾಡಿಯನ್ನೋ ಆಗುಂಬೆಯ ಹದಿನಾಲ್ಕು ತಿರುವುಗಳನ್ನೋ ಇಳಿಯುವಾಗ ಬ್ರೇಕ್ ಒತ್ತುತ್ತಲೇ ಬಂದರೆ ಚಕ್ರದ ಬಳಿಯ ಬಿಸಿ ಅಷ್ಟಾಗುವುದು ಕಷ್ಟವೇನಲ್ಲ. ದ್ರವ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ಗುಳ್ಳೆ ಒತ್ತಡಕ್ಕೆ ಕುಗ್ಗುವಂಥದ್ದು, ಆದ್ದರಿಂದ ಪೆಡಲು ನೆಲಕ್ಕೆ ತಾಗುತ್ತದೆ, ಗಾಡಿ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತು ತಣಿದ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಮೇಸ್ತ್ರಿಗೆ ತೋರಿಸಿದರೆ "ಏನೂ ದೋಷವಿಲ್ಲ" ಎನ್ನುತ್ತಾನೆ. ಎರಡು ವರ್ಷಕ್ಕೊಮ್ಮೆ ಈ ದ್ರವವನ್ನು ಪೂರ್ತಿ ತೆಗೆಸಿ ಹೊಸದನ್ನು ಹಾಕಿಸಬೇಕು. ಮೇಲಿನಿಂದ ತುಂಬಿಸಿದರೆ ಸಾಲದು.

ಅಷ್ಟೇ ಗಮನ ಕೊಡಬೇಕಾದದ್ದು ಗಾಡಿಯ ಅಡಿಯ ಕಬ್ಬಿಣದ ಬ್ರೇಕ್ ಪೈಪುಗಳ ಕಡೆ. ಇದು ನಮ್ಮ ಬೆಳೆಗಾರರಿಗೇ ವಿಶೇಷವಾದ ತೊಂದರೆ. ಬೋರ್ಡೋ ದ್ರಾವಣಕ್ಕೆ ಚೂರಿ ಅದ್ದಿ ತೆಗೆದಾಗ ಅಲಗಿಗೆ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದೆಂದು ನಮಗೆಲ್ಲ ಗೊತ್ತು. ಅಂದರೆ ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ಅದೇ ಮೈಲುತುತ್ತದ ಚೀಲವನ್ನು, ಪೊಟ್ಯಾಷ್ ಮೂಟೆಯನ್ನು ಜೀಪಿನ ಹಿಂಬದಿಯಲ್ಲಿ ಹಾಕಿ ತರುತ್ತೇವೆ. ಉದುರಿದ ಪುಡಿ ಮಳೆನೀರಿನೊಂದಿಗೆ ನೆಲದ ತೂತುಗಳಿಂದ ಇಳಿದು ಪೈಪಿನ ಮೇಲೆ, ಷಾಸಿಯ ಸಂದಿಗಳಲ್ಲಿ ಕೂರುತ್ತದೆ. ಅಡಿಭಾಗವನ್ನು ನೀರಿನ ರಭಸದಿಂದ ತೊಳೆಸಿ, ಪೈಪನ್ನು ಉದ್ದಕ್ಕೂ ಬಟ್ಟೆಯಿಂದ ಒರೆಸಿ ನೋಡಿರಿ. ತುಕ್ಕು ಚಕ್ಕೆಯಾಗಿ ಏಳುತ್ತಿದ್ದರೆ ಬದಲಾಯಿಸದೆ ಹೊರಡಕೂಡದು. ಚಕ್ರದ ಬಳಿಯ ರಬ್ಬರ್ ಹೋಸುಗಳನ್ನು ಬಗ್ಗಿಸಿದಾಗ ಬಿರುಕು ಕಂಡರೆ ಅವಕ್ಕೂ ಇದೇ ಮಾತು. ಡ್ರಮ್ಮುಗಳನ್ನು ಬಿಚ್ಚಿಸಿ ಕೆಸರು ತೆಗೆಸಿರಿ. ಒಳಗಡೆ ಒದ್ದೆ ಇದ್ದರೆ ವೀಲ್ ಸಿಲಿಂಡರ್ ಸೋರುತ್ತಿರಬಹುದು.

ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕುವ, ಇನ್ನೂ ಮುಂದೆ ಹೋಗಿ ಎಂಜಿನ್ನನ್ನೇ ನಿಲ್ಲಿಸುವ ಅಭ್ಯಾಸ ನಮ್ಮ ಕಡೆ ಹಳೆಯದು. ಬೂಸ್ಟರ್ ಇರುವ ಗಾಡಿಯಲ್ಲಿ ಎಂಜಿನ್ ನಿಂತ ಮೇಲೆ ಎರಡು ಮೂರು ಸಲ ಬ್ರೇಕ್ ಒತ್ತುವಷ್ಟರಲ್ಲಿ ಅದರ ಬಲ ಮುಗಿದು ಪೆಡಲು ಕಲ್ಲಿನಂತಾಗುತ್ತದೆ. ಬೀಗ ತಿರುಗಿಸಿದರೆ ಸ್ಟಿಯರಿಂಗ್ ಕೂಡ ಬಿಗಿದುಕೊಳ್ಳಬಹುದು. ಹತ್ತುವುದಕ್ಕೆ ಯಾವ ಗೇರು ಬೇಕೋ ಅದೇ ಗೇರಿನಲ್ಲಿ ಇಳಿಯಬೇಕು. ಇದನ್ನು ಚಾಲಕ ಯಾರೇ ಆಗಿರಲಿ, ಮಾಲೀಕರು ಬಾಯಿಬಿಟ್ಟು ಹೇಳಲೇಬೇಕು.

ನೀರು ಮತ್ತು ಬಿಸಿ

ಬಯಲುಸೀಮೆಯಲ್ಲಿ ನಮ್ಮ ಗಾಡಿಗಳು ಹೆಚ್ಚಾಗಿ ಸೋಲುವುದು ಇಲ್ಲಿ. ರೇಡಿಯೇಟರಿನ ಮುಚ್ಚಳವನ್ನು ಬರಿಯ ಮುಚ್ಚಳವೆಂದು ಬಗೆಯುವವರು ಬಹಳ. ಒಳಗಿನ ನೀರನ್ನು ಒತ್ತಡದಲ್ಲಿಟ್ಟು, ಅದು ಕುದಿಯುವ ಮಟ್ಟವನ್ನು ಸುಮಾರು ಇಪ್ಪತ್ತು ಡಿಗ್ರಿ ಮೇಲಕ್ಕೆ ಒಯ್ಯುವ ಸಾಧನ ಅದು. ಸಮುದ್ರಮಟ್ಟದಿಂದ ಸಾವಿರ ಮೀಟರ್ ಎತ್ತರದ ನಮ್ಮ ಊರುಗಳಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಮುಚ್ಚಳದ ರಬ್ಬರ್ ವಾಷರು ಗಟ್ಟಿಯಾಗಿದ್ದರೆ, ಸ್ಪ್ರಿಂಗು ಸಡಿಲವಾಗಿದ್ದರೆ ಎಂಜಿನ್ನಿನ ಸ್ಥಿತಿಯೂ ಅದೇ. ಕೆಲವು ನೂರು ರೂಪಾಯಿಯ ಸಾಮಾನು. ಅದೇ ನಂಬರಿನದನ್ನು ತಂದು ಹಾಕಿರಿ.

ಹಳ್ಳದ ನೀರನ್ನು ಹಾಗೆಯೇ ತುಂಬುತ್ತ ಬಂದಿದ್ದರೆ ಒಳಗೆ ತುಕ್ಕಿನ ಕೆಸರು ನಿಂತಿರುತ್ತದೆ. ರೇಡಿಯೇಟರ್ ಬಿಚ್ಚಿಸಿ ತೊಳೆಸಿ, ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರನ್ನು ಸಮಸಮವಾಗಿ ಬೆರೆಸಿ ತುಂಬಬೇಕು. ಹೊರಗಿನ ಜಾಲರಿಯಲ್ಲಿ ಕೆಮ್ಮಣ್ಣು, ಹುಳುಹುಪ್ಪಟೆ ಸೇರಿದ್ದರೆ ಗಾಳಿ ಹಾಯುವುದಿಲ್ಲ. ಒಳಗಡೆಯಿಂದ ಹೊರಕ್ಕೆ ನೀರು ಹಾಯಿಸಿ ತೊಳೆಯಿರಿ. ಬಿಸಿಯಾಗುವ ಗಾಡಿಗೆ ಥರ್ಮೋಸ್ಟಾಟ್ ಕಿತ್ತೆಸೆಯುವ ವೈದ್ಯ ಕೆಲವು ಗ್ಯಾರೇಜುಗಳಲ್ಲಿ ಇಂದಿಗೂ ನಡೆದಿದೆ. ಜ್ವರ ಬಂದವನ ಥರ್ಮಾಮೀಟರ್ ಒಡೆದ ಹಾಗೆ. ಅದಿಲ್ಲದ ಎಂಜಿನ್ ನಮ್ಮ ಚಳಿಯಲ್ಲಿ ಸರಿಯಾಗಿ ಬಿಸಿಯೇ ಆಗದೆ ಎಣ್ಣೆಯನ್ನು ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ.

ಮೇಲಿನ ಮತ್ತು ಕೆಳಗಿನ ಹೋಸನ್ನು ಎಂಜಿನ್ ತಣ್ಣಗಿರುವಾಗ ಹಿಸುಕಿ ನೋಡಿರಿ. ಕೊಳೆತ ಹಣ್ಣಿನಂತೆ ಮೆತ್ತಗಿದ್ದರೂ, ಒಣಕಟ್ಟಿಗೆಯಂತೆ ಗಟ್ಟಿಯಾಗಿದ್ದರೂ ಅದರ ಕಾಲ ಮುಗಿದಿದೆ. ನಮ್ಮ ಸದಸ್ಯರೊಬ್ಬರು ಇಂಥ ಹೋಸು ಇಟ್ಟುಕೊಂಡೇ ಹೋಗಿ, ಹಿರಿಯೂರಿನ ಆಚೆ ಬಟಾಬಯಲಿನಲ್ಲಿ ಎಂಬತ್ತು ವರ್ಷದ ತಾಯಿಯನ್ನು ಜಾಲಿಮರದ ನೆರಳಿನಲ್ಲಿ ಮಧ್ಯಾಹ್ನವಿಡೀ ಕೂರಿಸಬೇಕಾಯಿತು. ಹೋಸು ಒಡೆದದ್ದಕ್ಕಿಂತ, ಮುಳ್ಳು ಮೇಲೇರಿದ್ದನ್ನು ನೋಡಿಯೂ "ಮುಂದಿನ ಊರಿನವರೆಗೆ ಹೋಗೋಣ" ಎಂದು ಓಡಿಸಿದ್ದರಿಂದ ಹೆಚ್ಚು ನಷ್ಟವಾಯಿತು. ಸಿಲಿಂಡರ್ ಹೆಡ್ ಬಾಗಿತು. ಮುಳ್ಳು ಏರಿತೆಂದರೆ ಪಕ್ಕಕ್ಕೆ ನಿಲ್ಲಿಸಿ. ಅರ್ಧ ಗಂಟೆಯಾದರೂ ತಣಿಯದೆ ಮುಚ್ಚಳಕ್ಕೆ ಕೈಹಾಕಬೇಡಿ. ಚಿಮ್ಮುವ ಆವಿಗೆ ಮುಖ ಬೆಂದವರಿದ್ದಾರೆ.

ಫ್ಯಾನ್ ಬೆಲ್ಟನ್ನು ಮಧ್ಯದಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಒಂದು ಸೆಂಟಿಮೀಟರು ತಗ್ಗಬೇಕು, ಹೆಚ್ಚಲ್ಲ. ಮಾರುತಿ 800, ಒಮ್ನಿ ಇದ್ದವರು ಟೈಮಿಂಗ್ ಬೆಲ್ಟ್ ಕಡೆಯ ಸಲ ಹಾಕಿಸಿದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲಿ. ನೆನಪಾಗದಿದ್ದರೆ ಹಾಕಿಸಬೇಕೆಂದೇ ಅರ್ಥ. ಅದು ತುಂಡಾದರೆ ಎಂಜಿನ್ ನಿಂತಲ್ಲೇ ನಿಂತಿತು.

ಟಯರು

ಗೀರು ಚೆನ್ನಾಗಿದೆ ಎಂಬುದಷ್ಟೇ ಸಾಲದು. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳು ಅಚ್ಚಾಗಿರುತ್ತವೆ. 3518 ಎಂದಿದ್ದರೆ 2018ನೇ ಇಸವಿಯ 35ನೇ ವಾರದಲ್ಲಿ ತಯಾರಾದುದೆಂದು ತಿಳಿಯಬೇಕು. ಐದು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಬಲ್ಲವರಿಗೆ ತೋರಿಸಬೇಕು. ಹತ್ತು ದಾಟಿದ್ದನ್ನು ಗೀರು ಎಷ್ಟೇ ಇದ್ದರೂ ತೆಗೆದುಹಾಕಬೇಕು. ಜೀಪಿನ ಬೆನ್ನಿಗೆ ಬಿಸಿಲು ಮಳೆ ತಿನ್ನುತ್ತ ತೂಗಾಡುವ ಸ್ಟೆಪ್ನಿಗೂ ಇದು ಅನ್ವಯಿಸುತ್ತದೆ. ಅದರ ವಯಸ್ಸನ್ನಂತೂ ಯಾರೂ ನೋಡಿರುವುದಿಲ್ಲ. ಗೀರಿನ ಆಳ 1.6 ಮಿಲಿಮೀಟರಿಗೆ ಇಳಿದರೆ ಕಾನೂನಿನ ಲೆಕ್ಕದಲ್ಲಿಯೂ ಟಯರು ಮುಗಿದಂತೆ. ರಿಸೋಲ್ ಮಾಡಿಸಿದ್ದು ತೋಟದ ಗೊಬ್ಬರ ಸಾಗಣೆಗೆ ಇರಲಿ, ಹೆದ್ದಾರಿಗೆ ಬೇಡ, ಮುಂದಿನ ಚಕ್ರಕ್ಕಂತೂ ಬೇಡವೇ ಬೇಡ. ಕೊರಕಲು ರಸ್ತೆಯಲ್ಲಿ ಕುಲುಕಾಟ ಕಡಿಮೆಯಾಗಲೆಂದು ನಾವು ಗಾಳಿ ಕಡಿಮೆ ಇಡುತ್ತೇವೆ. ಅದೇ ಗಾಳಿಯಲ್ಲಿ ಹೆದ್ದಾರಿಯ ವೇಗಕ್ಕೆ ಹೋದರೆ ಟಯರಿನ ಪಕ್ಕೆ ಬಗ್ಗಿ ಬಗ್ಗಿ ಕಾದು ಒಡೆಯುತ್ತದೆ. ತುಂಬಿದ ಭಾರಕ್ಕೆ ಎಷ್ಟು ಗಾಳಿ ಎಂಬುದು ಗಾಡಿಯ ಪುಸ್ತಕದಲ್ಲಿದೆ. ಬೆಳಿಗ್ಗೆ, ಟಯರು ತಣ್ಣಗಿರುವಾಗ ಅಳತೆ ನೋಡಿಸಿರಿ.

ಪೆಟ್ರೋಲ್ ಗಾಡಿಯವರಿಗೆ ಇನ್ನೊಂದು ವಿಷಯ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುತ್ತದೆ. 2023ರ ಏಪ್ರಿಲ್‌ನಿಂದೀಚೆಗಿನ ಗಾಡಿಗಳ ಇಂಧನದ ಭಾಗಗಳನ್ನು ಅದಕ್ಕೆ ತಕ್ಕಂತೆ ಮಾಡಿದ್ದಾರೆ. ಹಳೆಯ ಗಾಡಿಗಳ ರಬ್ಬರ್ ಪೈಪು, ಗ್ಯಾಸ್ಕೆಟ್ಟುಗಳು ಅದಕ್ಕೆಂದು ಮಾಡಿದವಲ್ಲ. ಬಾನೆಟ್ ತೆರೆದಾಗ ಪೆಟ್ರೋಲಿನ ವಾಸನೆ ಬಂದರೆ ಅಸಡ್ಡೆ ಮಾಡಬೇಡಿ. ಪೈಪುಗಳನ್ನೂ ಫಿಲ್ಟರನ್ನೂ ಹೊಸದು ಹಾಕಿಸುವುದು ದೊಡ್ಡ ಖರ್ಚೇನಲ್ಲ. ಎಥನಾಲ್ ಕೂಡ ನೀರನ್ನು ಎಳೆಯುವುದರಿಂದ, ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನ ತಳವನ್ನು ಒಮ್ಮೆ ಖಾಲಿ ಮಾಡಿಸುವುದು ಒಳ್ಳೆಯದು.

ಹಳ್ಳ ದಾಟುವ ಜೀಪುಗಳ ಡಿಫರೆನ್ಷಿಯಲ್ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ, ಬದಲಾಯಿಸಿರಿ. ಶೆಡ್ಡಿನಲ್ಲಿ ಅಡಿಕೆ, ಭತ್ತ ಇಡುವವರು ಇಲಿ ವೈರು ಕಡಿದಿದೆಯೇ ನೋಡಲಿ. ಬ್ಯಾಟರಿ ರಾತ್ರಿಯಿಡೀ ಸುಮ್ಮನಿದ್ದು ಬೆಳಿಗ್ಗೆ 12.6 ವೋಲ್ಟಿನ ಆಸುಪಾಸು ತೋರಿಸಿದರೆ ಚಿಂತೆಯಿಲ್ಲ.

ಇಷ್ಟೆಲ್ಲ ಕೆಲಸವನ್ನು ಹೊರಡುವ ಹಿಂದಿನ ದಿನ ಮಾಡಿಸುವುದು ಮಾಡಿಸದಿರುವುದಕ್ಕಿಂತ ಅಪಾಯ. ಬಿಚ್ಚಿ ಜೋಡಿಸಿದ ಕಡೆಯಲ್ಲೇ ಸಡಿಲ ಬೋಲ್ಟು, ಬಿಗಿಯದ ಕ್ಲಿಪ್ಪು ಉಳಿಯುವುದು. ಮೂರು ವಾರ ಮೊದಲೇ ಮುಗಿಸಿ, ಒಂದು ಮಧ್ಯಾಹ್ನ ಹೊರಡುವಷ್ಟೇ ಭಾರ ಹೇರಿಕೊಂಡು (ಜನ ಸಿಗದಿದ್ದರೆ ಗೊಬ್ಬರದ ಮೂಟೆಯೇ ಆಗಬಹುದು) ಕಡೂರು-ಬೀರೂರಿನ ಬಯಲಿಗೆ ಇಳಿದು, ನೂರು ಕಿಲೋಮೀಟರಾದರೂ ಹೆದ್ದಾರಿಯ ವೇಗದಲ್ಲಿ ಓಡಿಸಿ ಬನ್ನಿರಿ. ಬಂದೊಡನೆ ನಾಲ್ಕು ಚಕ್ರಗಳ ನಡುಭಾಗದ ಹತ್ತಿರ ಕೈ ಹಿಡಿದು ನೋಡಿ. ಮೂರು ಬೆಚ್ಚಗಿದ್ದು ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕು ಹಿಡಿದುಕೊಂಡಿದೆ ಅಥವಾ ಬೇರಿಂಗು ಹೋಗುತ್ತಿದೆ. ವೀಲ್ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ. ಮಾರನೆಯ ಬೆಳಿಗ್ಗೆ ಗಾಡಿಯ ಅಡಿಗೆ ಹಳೆಯ ಪತ್ರಿಕೆ ಹಾಸಿಟ್ಟಿದ್ದರೆ ಎಲ್ಲೆಲ್ಲಿ ತೊಟ್ಟಿಕ್ಕಿದೆ ಎಂದು ಅದೇ ಹೇಳುತ್ತದೆ.

ಮಾರುತಿ 800 ಮತ್ತು ಅಂಬಾಸಡರ್ ತಯಾರಿಕೆ 2014ರಲ್ಲಿಯೇ ನಿಂತಿದೆ. ದಾರಿಯ ಸಣ್ಣ ಊರುಗಳಲ್ಲಿ ಬಿಡಿಭಾಗ ಸಿಗುವ ಭರವಸೆ ಇಲ್ಲ. ಒಂದು ಜೊತೆ ಹೋಸು, ಕ್ಲಿಪ್ಪು, ಫ್ಯಾನ್ ಬೆಲ್ಟು, ಫ್ಯೂಜು, ಬಲ್ಬು, ಒಂದು ಲೀಟರ್ ಎಂಜಿನ್ ಆಯಿಲ್, ಐದು ಲೀಟರಿನ ನೀರಿನ ಕ್ಯಾನು ಜೊತೆಗಿರಲಿ. ಜಾಕಿನ ಅಡಿಗೆ ಕೊಡಲು ಒಂದು ಅಡಿ ಹಲಗೆ ಬೇಕು, ಹಲಸಿನದೋ ಮತ್ತಿಯದೋ ಆಗಲಿ. ಅಡಿಕೆ ದಬ್ಬೆ ತಂದವರನ್ನೂ ಕಂಡಿದ್ದೇನೆ. ಅದು ಭಾರಕ್ಕೆ ಸೀಳಿಹೋಗುತ್ತದೆ. ಈ ಸಾಮಾನುಗಳನ್ನು ಎಲ್ಲಕ್ಕಿಂತ ಅಡಿಗೆ ಹಾಕಿ ಮೇಲೆ ಹಾಸಿಗೆ, ಬುತ್ತಿ, ಟ್ರಂಕು ಹೇರಬೇಡಿ.

ಕಾಗದಪತ್ರಗಳಲ್ಲಿ ವಿಮೆ ಮತ್ತು ಹೊಗೆ ತಪಾಸಣೆಯನ್ನು ಎಲ್ಲರೂ ನೋಡಿಕೊಳ್ಳುತ್ತಾರೆ. ಮರೆಯುವುದು ಆರ್.ಸಿ.ಯನ್ನು. ಸ್ವಂತ ಉಪಯೋಗದ ಗಾಡಿಯ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆ ಮೇಲೆ ಗಾಡಿಯನ್ನು ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ತೋಟದ ರಸ್ತೆಯಲ್ಲಿ ಯಾರೂ ಕೇಳದಿರಬಹುದು, ಮಂತ್ರಾಲಯಕ್ಕೆ ಆಂಧ್ರದ ಗಡಿ ದಾಟಲೇಬೇಕು. ನವೀಕರಣಕ್ಕೆ ವಾರಗಳೇ ಹಿಡಿಯಬಹುದಾದ್ದರಿಂದ ಈ ಕೆಲಸವನ್ನು ಬ್ರೇಕಿಗಿಂತಲೂ ಮೊದಲೇ ಶುರುಮಾಡಬೇಕು. ಫಾಸ್ಟ್ಯಾಗ್ 2021ರ ಫೆಬ್ರವರಿಯಿಂದ ಕಡ್ಡಾಯವಾಗಿದೆ. ಅದರಲ್ಲಿ ಹಣ ಎಷ್ಟಿದೆಯೆಂದು ಹೊರಡುವ ಮುನ್ನಾದಿನ ನೋಡಿಕೊಳ್ಳಿರಿ.