‘ಗ್ಲ್’ ಮೊದಲಾಗುಳ್ಳ ಇಂಗ್ಲಿಶ್ ಪದಗಳು: ಧ್ವನಿಸಾಮ್ಯ ಮತ್ತು ನಿಷ್ಪತ್ತಿಯ ಪ್ರಶ್ನೆ

ಪದಕ್ಕೂ ಅರ್ಥಕ್ಕೂ ಇರುವ ಸಂಬಂಧ ಯಾದೃಚ್ಛಿಕವಾದುದೆಂಬ ಸಸ್ಯೂರನ (1916) ಪ್ರತಿಪಾದನೆಯನ್ನು ಭಾಷಾವಿಜ್ಞಾನದ ಆರಂಭಿಕ ಪಾಠಗಳಲ್ಲಿಯೇ ಬೋಧಿಸಲಾಗುತ್ತದೆ. ಅನುಕರಣ ಪದಗಳನ್ನು ಅಪವಾದವೆಂದು ಬದಿಗಿರಿಸುವುದು ವಾಡಿಕೆ. ಆದರೆ ಯಾವ ಸದ್ದನ್ನೂ ಅನುಕರಿಸದೆ, ಒಂದೇ ಅಕ್ಷರಕೂಟವನ್ನೂ ಒಂದೇ ಅರ್ಥಛಾಯೆಯನ್ನೂ ಹಂಚಿಕೊಂಡಿರುವ ಪದಸಮೂಹಗಳಿವೆ. ಇಂಗ್ಲಿಶಿನ ‘ಗ್ಲ್’ ಮೊದಲಾಗುಳ್ಳ ಪದಗಳು ಇದಕ್ಕೆ ಪ್ರಸಿದ್ಧ ನಿದರ್ಶನ.

ಗ್ಲೋ (ಕೆಂಡದಂತೆ ಬೆಳಗು), ಗ್ಲಿಟರ್ (ಥಳಥಳಿಸು), ಗ್ಲಿಮರ್ (ಮಿಣುಕು), ಗ್ಲೇರ್ (ಕಣ್ಣು ಕೋರೈಸು), ಗ್ಲಿಂಪ್ಸ್ (ಕ್ಷಣಿಕ ನೋಟ), ಗ್ಲಾನ್ಸ್ (ಕಣ್ಣು ಹಾಯಿಸು) - ಇವೆಲ್ಲ ಬೆಳಕಿಗೆ ಇಲ್ಲವೆ ನೋಟಕ್ಕೆ ಸಂಬಂಧಿಸಿದವು. ‘ಗ್ಲ್’ ಅನ್ನು ಬೇರ್ಪಡಿಸಿದರೆ ಉಳಿಯುವ ಭಾಗಕ್ಕೆ ಸ್ವತಂತ್ರ ಅರ್ಥವಿಲ್ಲ. ಆದ್ದರಿಂದ ಇದನ್ನು ಪ್ರತ್ಯಯವೆನ್ನುವಂತಿಲ್ಲ. ಜೆ. ಆರ್. ಫರ್ತ್ 1930ರಲ್ಲಿ ಇಂತಹ ಘಟಕವನ್ನು ‘ಫೋನೆಸ್ಥೀಮ್’ ಎಂದು ಕರೆದನು. ಗ್ಲೂ (ಅಂಟು), ಗ್ಲವ್ (ಕೈಗವಸು) ಮುಂತಾದವು ಈ ಗುಂಪಿನ ಹೊರಗೇ ಉಳಿಯುತ್ತವೆ.

ಇವುಗಳಲ್ಲಿ ಹಲವು, ಹೊಳೆಯುವುದೆಂಬ ಅರ್ಥದ ಒಂದೇ ಇಂಡೋ-ಯುರೋಪಿಯನ್ ಮೂಲದವೆಂಬುದು ನಿಜ. ಅಷ್ಟರಿಂದಲೇ ಎಲ್ಲವೂ ವಿವರಣೆಗೊಳ್ಳುವುದಿಲ್ಲ. ‘ಗ್ಲಾನ್ಸ್’ ಪದವನ್ನು ನಿಘಂಟುಕಾರರು ಸಾಮಾನ್ಯವಾಗಿ ಜಾರುವುದೆಂಬ ಅರ್ಥದ ಹಳೆಯ ಫ್ರೆಂಚ್ ಕ್ರಿಯಾಪದಕ್ಕೆ ಸಂಬಂಧಿಸುತ್ತಾರೆ. ನೋಟದ ಅರ್ಥ ಅನಂತರದ್ದು. ‘ಗ್ಲಾಮರ್’ನ ಕಥೆ ಇನ್ನೂ ಸ್ವಾರಸ್ಯಕರ. ಅದು ವ್ಯಾಕರಣವಾಚಿಯಾದ ‘ಗ್ರಾಮರ್’ನ ಸ್ಕಾಟ್ಲೆಂಡಿನ ರೂಪಾಂತರ! ವಿದ್ಯೆಯೆಂದರೆ ಮಾಟವೂ ಹೌದೆಂದು ಜನ ಭಾವಿಸಿದ್ದ ಕಾಲದ ‘ಮೋಡಿ’ ಎಂಬ ಅರ್ಥ ಮುಂದೆ ‘ಥಳುಕು’ ಆಯಿತು. ವೈಯಾಕರಣರಿಗೆ ಈ ಗೌರವ ಬೇರೆಲ್ಲೂ ದೊರೆತಂತಿಲ್ಲ. ಮೂಲ ಬೇರೆಯಾದರೂ ಇಂತಹ ಪದಗಳು ಇಂದು ಹೊಳೆಯುವ ಪದಗಳ ಸಾಲಿನಲ್ಲಿಯೇ ನಿಂತಿವೆ.

ಭಾಷಿಕರ ಮನಸ್ಸಿನಲ್ಲಿ ಈ ಸಾಲು ವಾಸ್ತವವಾಗಿಯೂ ಇದೆಯೆಂಬುದನ್ನು ಬೆಂಜಮಿನ್ ಬರ್ಗೆನ್ 2004ರಲ್ಲಿ ಪ್ರಯೋಗಗಳಿಂದ ತೋರಿಸಿದನು. ‘ಗ್ಲಿಟರ್’ ಕಂಡ ಬಳಿಕ ‘ಗ್ಲೋ’ ಪದವನ್ನು ಓದುಗರು ಬೇಗ ಗುರುತಿಸಿದರು. ಬರಿಯ ರೂಪಸಾಮ್ಯ ಅಥವಾ ಬರಿಯ ಅರ್ಥಸಾಮ್ಯವುಳ್ಳ ಜೋಡಿಗಳಲ್ಲಿ ಅಷ್ಟು ವೇಗ ಕಾಣಲಿಲ್ಲ.

ಕನ್ನಡ ನಿಷ್ಪತ್ತಿ ವಿಚಾರಕ್ಕೆ ಇದು ಅಪ್ರಸ್ತುತವಲ್ಲ. ಮಿಂಚು, ಮಿನುಗು, ಮಿಣುಕು, ಮಿರುಗು, ಮಿರಮಿರ ಎಂಬ ಸಾಲನ್ನು ಗಮನಿಸಬಹುದು. ಮಿಗು, ಮಿಡಿ, ಮಿದುಳುಗಳು ಇದಕ್ಕೆ ಸೇರುವುದಿಲ್ಲ. ಈ ಸಾಲನ್ನು ಕಂಡೊಡನೆ ‘ಮಿ’ ಎಂಬ ಧಾತುವನ್ನು ಕಲ್ಪಿಸಿ, ಸೂರ್ಯವಾಚಿಯಾದ ‘ಮಿಹಿರ’ವನ್ನೂ ಅದಕ್ಕೆ ಸೇರಿಸುವ ಉತ್ಸಾಹ ಸಹಜವೇ. ಆದರೆ ‘ಮಿಹಿರ’ ಸಂಸ್ಕೃತದ ಮೂಲಕ ಬಂದದ್ದು. ಅಲ್ಲಿಗೂ ಅದು ಇರಾನಿನ ‘ಮಿಹ್ರ್’ನಿಂದ ಬಂದಿತೆಂಬುದು ವಿದ್ವಾಂಸರ ಅಭಿಪ್ರಾಯ. ಅದು ನಮ್ಮ ‘ಗ್ಲಾಮರ್’. ಹಾಗಾಗಿ ಪದಕೋಶದ ಟಿಪ್ಪಣಿಯಲ್ಲಿ ಜ್ಞಾತಿಪದಗಳನ್ನು ಒಂದು ಕಡೆ, ಧ್ವನಿಬಲದಿಂದ ಬಳಿಸಾರಿದ ಪದಗಳನ್ನು ಬೇರೊಂದು ಕಡೆ ನಮೂದಿಸುವುದು ಉಚಿತ. ‘ಮಿಹಿರ’ಕ್ಕೆ ಎರಡನೆಯ ಕಡೆಯಲ್ಲಿ ಮಾತ್ರ ಸ್ಥಳವಿದೆ.