ಕೀಲಿಕೈ ಕರೆದರೂ ಕಾರು ಓಗೊಡದಿದ್ದರೆ

ಯಂತ್ರವೊಂದು ಪೂರ್ಣವಾಗಿ ಕೆಟ್ಟು ನಿಂತರೆ ಅದರ ದೋಷವನ್ನು ಕಂಡುಹಿಡಿಯುವುದು ಅಷ್ಟು ಕಷ್ಟವಲ್ಲ. ಒಮ್ಮೆ ನಡೆದು, ಒಮ್ಮೆ ನಿಂತು, ಮೆಕ್ಯಾನಿಕನ ಎದುರಿಗೆ ಮಾತ್ರ ಸಾಧುವಾಗಿ ನಡೆದುಕೊಳ್ಳುವ ಯಂತ್ರವೇ ನಮ್ಮನ್ನು ಕಾಡುವುದು. ಇಂದಿನ ಕಾರುಗಳಲ್ಲಿರುವ 'ಕೀಲಿಯಿಲ್ಲದ ಪ್ರವೇಶ'ದ ಏರ್ಪಾಡು ಈ ಬಗೆಯ ಕಾಟಕ್ಕೆ ಒಳ್ಳೆಯ ನಿದರ್ಶನ. ಕೀಲಿಕೈ ಜೇಬಿನಲ್ಲಿದ್ದರೆ ಸಾಕು, ಬಾಗಿಲ ಹಿಡಿಯನ್ನು ಮುಟ್ಟಿದೊಡನೆ ಬೀಗ ತೆರೆಯಬೇಕು. ಆದರೆ ಹತ್ತು ಸಲದಲ್ಲಿ ಏಳು ಸಲ ತೆರೆಯುತ್ತದೆ, ಮೂರು ಸಲ ಸುಮ್ಮನಿರುತ್ತದೆ. ಒಡೆಯನು ಬೇಸತ್ತು ಹೊಸ ಕೀಲಿಕೈಗೆ ಸಾವಿರಾರು ರೂಪಾಯಿ ತೆರುತ್ತಾನೆ. ದೋಷವು ಎಷ್ಟೋ ವೇಳೆ ಹಾಗೆಯೇ ಉಳಿಯುತ್ತದೆ. ಕೀಲಿಕೈಗೂ ಕಾರಿಗೂ ನಡೆಯುವ ಸಂಭಾಷಣೆ ಎಂತಹದು, ಅದು ಎಲ್ಲೆಲ್ಲಿ ಕಡಿಯಬಹುದು ಎಂಬುದನ್ನು ಅರಿತರೆ, ಹೆಚ್ಚಿನ ಪರೀಕ್ಷೆಗಳನ್ನು ಮನೆಯ ಅಂಗಳದಲ್ಲಿಯೇ ಮಾಡಬಹುದು.

ಈ ಸಂಭಾಷಣೆ ಎರಡು ವಿಧ. ಮೊದಲನೆಯದು ಗುಂಡಿಯನ್ನು ಒತ್ತಿದಾಗ ನಡೆಯುವುದು. ೧೯೮೨ರಲ್ಲಿ ಫ್ರಾನ್ಸಿನ ರೆನೊ ಫ್ಯೂಗೊ ಕಾರಿನೊಡನೆ ಇಂತಹ ದೂರಚಾಲಿತ ಬೀಗ ಬಂದಾಗ ಅದು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಿಂದ ಕೆಲಸ ಮಾಡುತ್ತಿತ್ತು. ಆದಕಾರಣ ಕೀಲಿಕೈಯನ್ನು ಕಾರಿನ ಕಡೆಗೆ ಗುರಿಯಿಟ್ಟು ಹಿಡಿಯಬೇಕಾಗಿತ್ತು. ಅನಂತರ ಬಂದವು ರೇಡಿಯೊ ಅಲೆಗಳು. ನಮ್ಮ ದೇಶದ ಮತ್ತು ಯೂರೋಪಿನ ಕಾರುಗಳಲ್ಲಿ ಸಾಮಾನ್ಯವಾಗಿ ಇವುಗಳ ಕಂಪನಸಂಖ್ಯೆ ಸೆಕೆಂಡಿಗೆ ೪೩.೩೯೨ ಕೋಟಿ, ಅಂದರೆ ೪೩೩.೯೨ ಮೆಗಾಹರ್ಟ್ಸ್. ಅಮೆರಿಕದಲ್ಲಿ ೩೧೫ ಮೆಗಾಹರ್ಟ್ಸ್ ಹೆಚ್ಚು ಬಳಕೆಯಲ್ಲಿದೆ. ಈ ಅಲೆಗಳು ಹತ್ತಾರು ಮೀಟರು ದೂರ ಹೋಗುತ್ತವೆ.

ಎರಡನೆಯದು ಹಿಡಿಯನ್ನು ಮುಟ್ಟಿದಾಗ ನಡೆಯುವ ಸಂಭಾಷಣೆ. ಇಲ್ಲಿ ಮೊದಲು ಮಾತನಾಡುವುದು ಕಾರು. ಬಾಗಿಲಲ್ಲಿ ಅಡಗಿರುವ ತಂತಿಸುರುಳಿಯೊಂದು ಸೆಕೆಂಡಿಗೆ ಸುಮಾರು ೧.೨೫ ಲಕ್ಷ ಕಂಪನಗಳ ಅಯಸ್ಕಾಂತ ಕ್ಷೇತ್ರವನ್ನು ಸುತ್ತಲೂ ಹರಡಿ, 'ನಮ್ಮವರು ಯಾರಾದರೂ ಹತ್ತಿರ ಇದ್ದೀರಾ?' ಎಂದು ಕೇಳುತ್ತದೆ. ಕೀಲಿಕೈಯೊಳಗಿನ ಪುಟ್ಟ ಸುರುಳಿಗಳು ಈ ಕರೆಯನ್ನು ಕೇಳಿಸಿಕೊಂಡು, ಮೇಲೆ ಹೇಳಿದ ೪೩೩.೯೨ ಮೆಗಾಹರ್ಟ್ಸಿನಲ್ಲಿ ಉತ್ತರ ಕೊಡುತ್ತವೆ. ಕರೆಯ ಅಲೆಯ ಉದ್ದ ೨.೪ ಕಿಲೋಮೀಟರು, ಉತ್ತರದ ಅಲೆಯ ಉದ್ದ ೬೯ ಸೆಂಟಿಮೀಟರು ಮಾತ್ರ. ಕಾರಿಗೂ ಜೇಬಿಗೂ ನಡುವಿನ ಒಂದು ಮೀಟರು ೨.೪ ಕಿಲೋಮೀಟರಿನ ಎದುರಿಗೆ ಏನೂ ಅಲ್ಲ. ಆದ್ದರಿಂದ ಕಾರಿನ ಕರೆ ದೂರ ಸಾಗುವ ಅಲೆಯಾಗಿ ಅಲ್ಲ, ಟ್ರಾನ್ಸ್‌ಫಾರ್ಮರಿನಲ್ಲಿರುವಂತೆ ಕೇವಲ ಪ್ರೇರಣೆಯಿಂದ ಕೀಲಿಕೈಯನ್ನು ಮುಟ್ಟುತ್ತದೆ. ಇಂತಹ ಕ್ಷೇತ್ರದ ಬಲವು ದೂರದ ಘನಕ್ಕೆ ವಿಲೋಮವಾಗಿ ಕುಗ್ಗುತ್ತದೆ: ದೂರ ಎರಡರಷ್ಟಾದರೆ ಬಲ ಎಂಟನೆಯ ಒಂದು ಪಾಲು. ಒಂದು ಹೆಜ್ಜೆ ಹಿಂದೆ ನಿಂತರೆ ಕಾರು ಅಪರಿಚಿತರಂತೆ ವರ್ತಿಸುವುದು ಇದರಿಂದಲೇ. ಅದು ದೋಷವಲ್ಲ, ಕೀಲಿಕೈಯು ಮನೆಯೊಳಗಿರುವಾಗ ಬೀದಿಯ ಕಾರು ತೆರೆದುಕೊಳ್ಳಬಾರದೆಂದು ಬೇಕೆಂದೇ ಇಟ್ಟ ಮಿತಿ.

ಇಷ್ಟು ತಿಳಿದ ಮೇಲೆ ಪರೀಕ್ಷೆಯ ಕ್ರಮ ತಾನಾಗಿ ಹೊಳೆಯುತ್ತದೆ. ಒಂದು ಸಲಕ್ಕೆ ಒಂದೇ ಸಂಗತಿಯನ್ನು ಬದಲಾಯಿಸಿ ನೋಡಬೇಕು. ಮೊದಲು ಎರಡನೆಯ ಕೀಲಿಕೈಯನ್ನು ತನ್ನಿರಿ. ಅದು ಸರಿಯಾಗಿ ನಡೆದರೆ ಕಾರು ನಿರ್ದೋಷಿ. ಎರಡೂ ಕೀಲಿಕೈಗಳು ತಪ್ಪಿದರೆ ಸಂಶಯವು ಕಾರಿನ ಮೇಲೆ ಅಥವಾ ಸ್ಥಳದ ಮೇಲೆ ತಿರುಗುತ್ತದೆ. ಗುಂಡಿಯಿಂದ ತೆರೆಯುತ್ತದೆ, ಹಿಡಿಯಿಂದ ತೆರೆಯುವುದಿಲ್ಲ ಎಂದಾದರೆ ಉತ್ತರದ ದಾರಿ ಚೆನ್ನಾಗಿದೆ, ಕರೆಯ ದಾರಿ ಕೆಟ್ಟಿದೆ ಎಂದು ತಿಳಿಯಬೇಕು. ಒಂದೇ ಬಾಗಿಲು ಮಾತ್ರ ಮೊಂಡಾಗಿದ್ದರೆ ಆ ಬಾಗಿಲ ಹಿಡಿಯನ್ನೋ ಸುರುಳಿಯನ್ನೋ ನೋಡಬೇಕಲ್ಲದೆ ಕೀಲಿಕೈಯನ್ನು ದೂರಬಾರದು.

ಕೀಲಿಕೈಯಲ್ಲೇ ದೋಷವೆಂದು ತೋರಿದರೆ ಹತ್ತಕ್ಕೆ ಒಂಬತ್ತು ಪಾಲು ಅದರ ವಿದ್ಯುತ್ಕೋಶವನ್ನು ಶಂಕಿಸಬಹುದು ಎಂಬುದು ನನ್ನ ಅಭಿಪ್ರಾಯ. ಬಹಳ ಕೀಲಿಕೈಗಳಲ್ಲಿ ಇರುವುದು ಸಿಆರ್ ೨೦೩೨ ಎಂಬ ಲಿಥಿಯಂ ಬಿಲ್ಲೆ. ಆ ಅಂಕೆಯಲ್ಲಿಯೇ ಅದರ ಅಳತೆ ಅಡಗಿದೆ: ೨೦ ಮಿಲಿಮೀಟರು ವ್ಯಾಸ, ೩.೨ ಮಿಲಿಮೀಟರು ದಪ್ಪ. ಇದರ ಸ್ವಭಾವ ವಿಚಿತ್ರ. ಟಾರ್ಚಿನ ಹಳೆಯ ಕೋಶದಂತೆ ಇದು ಮೆಲ್ಲಮೆಲ್ಲನೆ ಮಂಕಾಗುವುದಿಲ್ಲ. ಆಯುಷ್ಯದ ಬಹುಭಾಗ ಸುಮಾರು ೩ ವೋಲ್ಟನ್ನೇ ತೋರಿಸುತ್ತ, ಒಳಗೊಳಗೇ ತನ್ನ ಒಳರೋಧವನ್ನು ಹೆಚ್ಚಿಸಿಕೊಳ್ಳುತ್ತದೆ. ತರಗತಿಯಲ್ಲಿ ಓಮನ ನಿಯಮವನ್ನು ಹೇಳುವಾಗ ನಾನು ಈ ಉದಾಹರಣೆಯನ್ನು ಕೊಡುವುದುಂಟು. ಕೀಲಿಕೈ ಉತ್ತರ ಕೊಡುವ ಆ ಒಂದು ಕ್ಷಣದಲ್ಲಿ ೧೦ ಮಿಲಿಆಂಪಿಯರ್ ವಿದ್ಯುತ್ತು ಹರಿಯುತ್ತದೆ ಎಂದು ಇಟ್ಟುಕೊಳ್ಳೋಣ. ಹೊಸ ಕೋಶದ ಒಳರೋಧ ೧೫ ಓಮ್ ಆದರೆ ಒಳಗೆ ನಷ್ಟವಾಗುವುದು ೦.೧೫ ವೋಲ್ಟ್ ಮಾತ್ರ. ಹಳೆಯ ಕೋಶದ ರೋಧ ೧೦೦ ಓಮಿಗೆ ಏರಿದ್ದರೆ ನಷ್ಟ ಪೂರ್ತಿ ೧ ವೋಲ್ಟ್. ಮಾಪಕದಲ್ಲಿ ೨.೯ ವೋಲ್ಟ್ ತೋರಿಸಿದ ಕೋಶವು ಕೆಲಸದ ಹೊತ್ತಿಗೆ ೧.೯ ವೋಲ್ಟಿಗೆ ಕುಸಿದು, ಮಾತಿನ ನಡುವೆಯೇ ಮೂಕವಾಗುತ್ತದೆ. ಚಳಿಯಲ್ಲಿ ಒಳರೋಧ ಇನ್ನೂ ಹೆಚ್ಚುವುದರಿಂದ ಮುಂಜಾನೆ ಹಟಮಾಡಿದ ಕೀಲಿಕೈ ಮಧ್ಯಾಹ್ನ ಸರಿಹೋಗಬಹುದು. ಆದುದರಿಂದ ಬರಿಯ ಮಾಪಕದ ಮಾತನ್ನು ನಂಬಬೇಡಿರಿ. ಕೀಲಿಕೈಯ ಕೆಂಪು ದೀಪ ಮಿನುಗಿತೆಂಬುದೂ ಪೂರ್ಣ ಸಾಕ್ಷ್ಯವಲ್ಲ. ಹೊಸ ಕೋಶವನ್ನು ಹಾಕಿ ನೋಡುವುದೇ ನಿಜವಾದ ಪರೀಕ್ಷೆ. ಹಾಕುವಾಗ ಧನ ಮುಖವನ್ನು ಗಮನಿಸಿ, ಒಳಗಿನ ಲೋಹದ ನಾಲಗೆಗಳು ಬಿಗಿಯಾಗಿ ತಾಗುತ್ತವೆಯೇ ಎಂದೂ ನೋಡಬೇಕು. ಕೆಳಕ್ಕೆ ಬಿದ್ದ ಕೀಲಿಕೈಯಲ್ಲಿ ಈ ನಾಲಗೆ ಸಡಿಲವಾಗಿರುವುದು ಅಪರೂಪವಲ್ಲ.

ಕೋಶ ಬೇಗಬೇಗನೆ ತೀರುತ್ತಿದ್ದರೆ, ಕೀಲಿಕೈಯನ್ನು ಮನೆಯಲ್ಲಿ ಎಲ್ಲಿ ತೂಗುಹಾಕುತ್ತೀರಿ ಎಂದು ವಿಚಾರಿಸಿಕೊಳ್ಳಿ. ಕಾರಿನ ಪಕ್ಕದ ಗೋಡೆಯ ಮೊಳೆಯಲ್ಲೋ ಟೆಲಿವಿಷನ್ನಿನ ಹತ್ತಿರವೋ ಇದ್ದರೆ ಅದು ಸುತ್ತಲಿನ ಕ್ಷೇತ್ರಗಳಿಗೆ ಮತ್ತೆಮತ್ತೆ ಎಚ್ಚರಗೊಂಡು ನಿದ್ದೆಗೆಡುತ್ತದೆ.

ಇನ್ನು ಸ್ಥಳದ ದೋಷ. ಕೀಲಿಕೈಯೊಳಗಿನ ಆಂಟೆನಾ ಕೆಲವೇ ಸೆಂಟಿಮೀಟರಿನದು. ಅದರಿಂದ ಹೊರಡುವ ಶಕ್ತಿ ಅತ್ಯಲ್ಪ. ಅದೇ ಕಂಪನಸಂಖ್ಯೆಯಲ್ಲಿ ಬೇರೊಂದು ಉಪಕರಣ ಎಡೆಬಿಡದೆ ಪ್ರಸಾರ ಮಾಡುತ್ತಿದ್ದರೆ ಕೀಲಿಕೈಯ ಮಾತು ಸಂತೆಯ ಗದ್ದಲದಲ್ಲಿ ಪಿಸುಮಾತಾಗುತ್ತದೆ. ಇದಕ್ಕೆ ಅಮೆರಿಕದ ಓಹಾಯೊ ರಾಜ್ಯದ ನಾರ್ತ್ ಓಮ್‌ಸ್ಟೆಡ್ ಎಂಬ ಊರಿನಲ್ಲಿ ೨೦೧೯ರಲ್ಲಿ ನಡೆದ ಘಟನೆ ಸೊಗಸಾದ ಉದಾಹರಣೆ. ಕೆಲವು ಬೀದಿಗಳ ನಿವಾಸಿಗಳಿಗೆ ತಮ್ಮ ಕಾರಿನ ಕೀಲಿಕೈಗಳೂ ಗ್ಯಾರೇಜು ಬಾಗಿಲಿನ ದೂರಚಾಲಕಗಳೂ ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿದವು. ತನ್ನ ಕೀಲಿಕೈಯೇ ಕೆಟ್ಟಿತೆಂದು ಭಾವಿಸುವುದು ಇಂತಹಲ್ಲಿ ಸಹಜ. ಆದರೆ ನೆರೆಯವರೂ ಅದೇ ಗೋಳನ್ನು ಹೇಳಿದಾಗ ಪ್ರಶ್ನೆಯ ರೂಪವೇ ಬದಲಾಗುತ್ತದೆ. ವಾರಗಳ ಹುಡುಕಾಟದ ಬಳಿಕ ಮೂಲ ಸಿಕ್ಕಿತು. ಎಲೆಕ್ಟ್ರಾನಿಕ್ಸ್ ಹವ್ಯಾಸಿಯೊಬ್ಬನು, ತಾನು ನೆಲಮಾಳಿಗೆಯಲ್ಲಿ ಕೆಲಸಮಾಡುವಾಗ ಮೇಲೆ ಯಾರಾದರೂ ಇರುವರೇ ಎಂದು ತಿಳಿಯಲು, ಬ್ಯಾಟರಿಯಿಂದ ನಡೆಯುವ ಉಪಕರಣವೊಂದನ್ನು ಕೈಯಾರೆ ಮಾಡಿಕೊಂಡಿದ್ದನು. ಅದು ನಿರಂತರವಾಗಿ ೩೧೫ ಮೆಗಾಹರ್ಟ್ಸಿನಲ್ಲಿ ಪ್ರಸಾರ ಮಾಡುತ್ತಿತ್ತು. ನೆರೆಹೊರೆಗೆ ಆಗುತ್ತಿದ್ದ ತೊಂದರೆ ಪಾಪ ಅವನಿಗೆ ಗೊತ್ತೇ ಇರಲಿಲ್ಲ. ಉಪಕರಣವನ್ನು ನಿಲ್ಲಿಸಿದೊಡನೆ ಬೀದಿಯ ಬೀಗಗಳೆಲ್ಲ ಸರಿಹೋದವು. ಹೀಗಿರಲು, ನಿಮ್ಮ ಕಾರು ಯಾವುದೋ ಒಂದೇ ಜಾಗದಲ್ಲಿ ಹಟಮಾಡಿದರೆ ಅದನ್ನು ನೂರಿನ್ನೂರು ಮೀಟರು ಸರಿಸಿ ನೋಡುವುದು ಒಂದು ಬೆಲೆಯುಳ್ಳ ಪ್ರಯೋಗ. ಅದಕ್ಕೆ ಖರ್ಚೂ ಇಲ್ಲ.

ಗದ್ದಲ ನಮ್ಮ ಜೇಬಿನಲ್ಲಿಯೇ ಇರಬಹುದು. ಮೊಬೈಲು ಫೋನು, ನಾಣ್ಯಗಳು, ಲೋಹದ ಡಬ್ಬಿ ಇವು ಕೀಲಿಕೈಗೆ ಅಂಟಿಕೊಂಡಿದ್ದರೆ ಅದರ ಸುರುಳಿಗೆ ಕರೆ ಸರಿಯಾಗಿ ಮುಟ್ಟುವುದಿಲ್ಲ. ತಂತಿಯಿಲ್ಲದೆ ಫೋನಿಗೆ ವಿದ್ಯುತ್ತು ತುಂಬುವ ಹಲಗೆಗಳು ಸುಮಾರು ೧೦೦ರಿಂದ ೨೦೦ ಕಿಲೋಹರ್ಟ್ಸ್ ನಡುವೆ ಕೆಲಸಮಾಡುತ್ತವೆ. ಕಾರಿನ ಕರೆಯ ೧೨೫ ಕಿಲೋಹರ್ಟ್ಸ್ ಇದೇ ಮೇರೆಯೊಳಗೆ ಬೀಳುವುದನ್ನು ಗಮನಿಸಿರಿ. ಕಾರಿನೊಳಗೆ ಕುಳಿತಾಗ 'ಕೀಲಿಕೈ ಇಲ್ಲ' ಎಂಬ ಎಚ್ಚರಿಕೆ ಬಂದರೆ ಕೀಲಿಕೈಯನ್ನು ಆ ಹಲಗೆಯಿಂದ ದೂರ ಸರಿಸಬೇಕು.

ಮಕ್ಕಳ ಕೈಗೆ ಸಿಕ್ಕ ಕೀಲಿಕೈಯ ಕಥೆ ಬೇರೆ. ಕಳ್ಳನು ಸಂಕೇತವನ್ನು ಧ್ವನಿಮುದ್ರಿಸಿದಂತೆ ಹಿಡಿದಿಟ್ಟು ಮರುದಿನ ಉಪಯೋಗಿಸಬಾರದೆಂದು, ಕೀಲಿಕೈ ಪ್ರತಿಸಲವೂ ಹೊಸ ಸಂಕೇತವನ್ನು ಕಳುಹಿಸುತ್ತದೆ. ಕಾರು ತನ್ನ ಎಣಿಕೆಗೆ ಮುಂದಿರುವ ಸಂಕೇತವನ್ನು ಮಾತ್ರ ಒಪ್ಪುತ್ತದೆ. ದಕ್ಷಿಣ ಆಫ್ರಿಕದಲ್ಲಿ ೧೯೮೦ರ ದಶಕದಲ್ಲಿ ಹುಟ್ಟಿದ ಕೀಲಾಕ್ ಎಂಬ ಪ್ರಸಿದ್ಧ ಪದ್ಧತಿಯಲ್ಲಿ ಎಣಿಕೆಯು ಸಾಮಾನ್ಯವಾಗಿ ೧೬ರೊಳಗೆ ಮುಂದಿದ್ದರೆ ಬೀಗ ಕೂಡಲೇ ತೆರೆಯುತ್ತದೆ. ಮಗುವು ದೂರದಲ್ಲಿ ಕುಳಿತು ಗುಂಡಿಯನ್ನು ಐವತ್ತು ಸಲ ಒತ್ತಿದ್ದರೆ ಇಬ್ಬರ ಲೆಕ್ಕವೂ ತಪ್ಪುತ್ತದೆ. ಆಗ ಕಾರಿನ ಹತ್ತಿರ ನಿಂತು ಬೆನ್ನುಬೆನ್ನಿಗೆ ಎರಡು ಸಲ ಒತ್ತಿದರೆ ಅನೇಕ ಕಾರುಗಳು ಲೆಕ್ಕವನ್ನು ಮತ್ತೆ ಹೊಂದಿಸಿಕೊಳ್ಳುತ್ತವೆ.

ಕೆಲವು 'ದೋಷ'ಗಳು ರಕ್ಷಣೆಗಾಗಿಯೇ ಬಂದಿರುವುದೂ ಉಂಟು. ೨೦೧೧ರಲ್ಲಿ ಜ್ಯೂರಿಕ್ಕಿನ ಇ.ಟಿ.ಎಚ್. ಸಂಸ್ಥೆಯ ಸಂಶೋಧಕರು, ಕಾರಿನ ಕರೆಯನ್ನು ಸಾಧನವೊಂದರಿಂದ ದೂರದ ಕೀಲಿಕೈಗೆ ಮುಟ್ಟಿಸಿ, ಒಡೆಯನ ಅರಿವಿಲ್ಲದೆ ಬಾಗಿಲು ತೆರೆಯಬಹುದೆಂದು ಹತ್ತು ಮಾದರಿಯ ಕಾರುಗಳ ಮೇಲೆ ತೋರಿಸಿಕೊಟ್ಟರು. ಇದಕ್ಕೆ ಪ್ರತಿಯಾಗಿ ಕೆಲವು ಹೊಸ ಕೀಲಿಕೈಗಳು ಸ್ವಲ್ಪಕಾಲ ಅಲುಗಾಡದಿದ್ದರೆ ನಿದ್ರಿಸುತ್ತವೆ; ಕೈಯಲ್ಲಿ ಅಲುಗಿಸಿದರೆ ಏಳುತ್ತವೆ. ಬೇರೊಂದು ಬಗೆಯ ಕಳ್ಳರು ಬೀಗ ಹಾಕುವ ಸಂಜ್ಞೆಯನ್ನೇ ಗದ್ದಲದಿಂದ ಮುಚ್ಚಿ, ತೆರೆದುಳಿದ ಕಾರಿಗೆ ಕೈಹಾಕುತ್ತಾರೆ. ವಾಹನ ನಿಲ್ದಾಣಗಳಲ್ಲಿ ಗುಂಡಿ ಒತ್ತಿದ ಮೇಲೆ ಬಾಗಿಲನ್ನು ಒಮ್ಮೆ ಎಳೆದು ನೋಡುವುದು ಮೇಲು.

ಕೋಶ ಸಂಪೂರ್ಣ ಸತ್ತಾಗಲೂ ದಾರಿ ಮುಚ್ಚಿರುವುದಿಲ್ಲ. ಹೆಚ್ಚಿನ ಕೀಲಿಕೈಗಳ ಒಳಗೆ ಲೋಹದ ಸಣ್ಣ ಕೀಲಿಯೊಂದು ಅಡಗಿದೆ. ಬಾಗಿಲು ಅದರಿಂದ ತೆರೆಯುತ್ತದೆ. ಅನಂತರ ಕೀಲಿಕೈಯನ್ನು ಚಾಲನಾ ಗುಂಡಿಗೆ, ಅಥವಾ ಕಾರಿನ ಕೈಪಿಡಿ ಹೇಳುವ ಜಾಗಕ್ಕೆ ತಾಗಿಸಿ ಹಿಡಿಯಬೇಕು. ಅಲ್ಲಿಯ ಸುರುಳಿಯಿಂದ ಪ್ರೇರಿತವಾದ ವಿದ್ಯುತ್ತಿನಿಂದಲೇ ಕೀಲಿಕೈಯ ಗುರುತಿನ ಚಿಪ್ಪು ಜೀವತಳೆದು ತನ್ನ ಪರಿಚಯ ಹೇಳುತ್ತದೆ, ಎಂಜಿನು ನಡೆಯುತ್ತದೆ. ಬಾಗಿಲು ತೆರೆದಾಗ ಕಳ್ಳಗಂಟೆ ಕೂಗಿಕೊಳ್ಳಬಹುದು. ಕಾರು ಕೀಲಿಕೈಯನ್ನು ಗುರುತಿಸಿದೊಡನೆ ಅದು ಸಾಮಾನ್ಯವಾಗಿ ಸುಮ್ಮನಾಗುತ್ತದೆ.